ಮಾದರಿ ಕಲ್ಲಿನ ತಾರೀಖು

ಮಾರ್ಚ್ ೯, ಸೋಮವಾರ

ಇನ್ನು ಮೂರೇ ದಿನ.

ಅಂಗಡಿ ತೆರೆದಾಗ ಗಿರಾಕಿಗಳಿಗೆ ತೋರಿಸಲೆಂದು ಸಮಾಧಿ ಕಲ್ಲಿನ ಮಾದರಿಯೊಂದನ್ನು ಕೆತ್ತಿದ್ದೆ. ಬೇರೆಯವರ ಹೆಸರೇಕೆಂದು ನನ್ನದನ್ನೇ ಹಾಕಿ, ಸಾವಿನ ದಿನಕ್ಕೆ ಮೂವತ್ತು ವರ್ಷ ಮುಂದಿನ ಯಾವುದೋ ತಾರೀಖು ಬರೆದೆ. ಆಗ ತಮಾಷೆಯಾಗಿತ್ತು. ಅದು ಈ ಗುರುವಾರ.

ಮಧ್ಯಾಹ್ನ ಹೆಂಡತಿ, “ಅದನ್ನ ಅಳಿಸಿ ಅಂದ್ರೆ. ನನಗೆ ತುತ್ತು ಇಳೀತಿಲ್ಲ,” ಎಂದಳು.

“ಬರೀ ಕಲ್ಲು ಕಣೇ,” ಎಂದು ರೇಗಿದೆ. ಗುರುವಾರದ ಕೆಲಸವನ್ನೆಲ್ಲ ಆಗಲೇ ಶುಕ್ರವಾರಕ್ಕೆ ಹಾಕಿಕೊಂಡಿದ್ದೇನೆಂದು ಹೇಳಲಿಲ್ಲ.

ಸಂಜೆ ಆ ತಾರೀಖನ್ನು ಉಜ್ಜಿ ಅಳಿಸಿದೆ. ಖಾಲಿ ಬಿಟ್ಟರೆ ಮಾದರಿ ಹೇಗಾದೀತು? ಹೊಸದನ್ನು ಕೆತ್ತಲು ಉಳಿ ಇಟ್ಟೆ. ಯಾವ ದಿನ? ಸುತ್ತಿಗೆ ಏಳಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದವಳು, “ತುಂಬಾ ದೂರದ್ದು ಹಾಕಿ,” ಎಂದಳು.

ಆಗಲೂ ದೂರದ್ದನ್ನೇ ಹಾಕಿದ್ದೆ.