ತೊಂಬತ್ತನೆಯ ದಿನ, ತಂಗೆವ್ವನ ಚುಕ್ಕೆ

ರಾಣೆಬೆನ್ನೂರು
ಫೆಬ್ರವರಿ ೩೦, ೨೧೭೬
ಮಧ್ಯಾಹ್ನ ಎರಡು ಗಂಟೆ

ನಿಯಮಾವಳಿ ಬರೆಯಲು ಕೂತಿರುವ ಹಿರಿಯರಿಗೆ,

ಹೀಗೊಂದು ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮವರು ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿದರು. ಮಿಕ್ಕ ಐದು ದಿನ ಎಲ್ಲಿ ಹೋದವೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದಾವು, ನಡುನಡುವೆ ಪ್ರಾಸವೂ ಬಂದೀತು. ಮೊದಲನೆಯದು ಕಾಲದ ದೋಷ, ಎರಡನೆಯದು ನನ್ನ ದೋಷ, ಎರಡನ್ನೂ ಮನ್ನಿಸಬೇಕು.

ಇದು ಬರುತ್ತಿರುವುದು ಹಿಂದಂಚೆಯಲ್ಲಿ. ಬರೆದವನು ಹುಟ್ಟುವ ಮೊದಲಿನ ಕಾಲಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಹೆಂಡತಿ ತನ್ನದನ್ನು ಮುತ್ತಜ್ಜಿಗೆ ನಿಂಬೆ ಉಪ್ಪಿನಕಾಯಿಯ ಅಳತೆ ಕೇಳಲು ಬಳಸಿದಳು. ಉತ್ತರ ತರುವ ಅಂಚೆ ಇನ್ನೂ ಬಂದಿಲ್ಲವೆಂಬುದನ್ನು ಆಮೇಲೆ ಓದಿಕೊಂಡಳು. ನಾನು ನನ್ನದನ್ನು ನಿಮ್ಮ ಏಳನೆಯ ನಿಯಮಕ್ಕಾಗಿ ಖರ್ಚು ಮಾಡುತ್ತಿದ್ದೇನೆ. ಇವತ್ತು ನೀವು ಐದು ಜನ ಸೇರಿ ನಿಮ್ಮ ಅಂತರ್ಜಾಲ ವೇದಿಕೆಗಾಗಿ ಅದನ್ನು ಬರೆಯಲಿದ್ದೀರಿ: ‘ತೊಂಬತ್ತು ದಿನಗಳಲ್ಲಿ ಒಂದೂ ಬರಹವನ್ನು ಅಳಿಸದ ಸ್ವಯಂಸೇವಕರನ್ನು ನಿಷ್ಕ್ರಿಯರೆಂದು ಪರಿಗಣಿಸಿ ಅವರ ಅಧಿಕಾರವನ್ನು ಹಿಂಪಡೆಯತಕ್ಕದ್ದು.’ ನಿಮ್ಮ ವೇದಿಕೆ ಮುಚ್ಚಿತು, ನಿಯಮ ಮುಚ್ಚಲಿಲ್ಲ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು, ನೂರೈವತ್ತು ವರ್ಷ ದಾಟಿ, ಅದು ನಮ್ಮ ಬಾಣಂತಿ ಕಟ್ಟೆಗೆ ಬಂದು ಕೂತಿದೆ.

ಕಟ್ಟೆ ಎಂದರೆ ನಿಮ್ಮ ವೇದಿಕೆಯಂಥದ್ದೇ. ಅಗತ್ಯ ಮಾತ್ರ ಹೆಚ್ಚು. ನಮ್ಮಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ನೆರಳುಗಟ್ಟು, ಅಂದರೆ ಆ ಬಿಸಿಲಿಗೆ ಯಾರೂ ಹೊರಬೀಳುವಂತಿಲ್ಲ. ಕಿಟಕಿಗಳು ತಾವೇ ಕಪ್ಪಾಗುತ್ತವೆ, ಬಾಗಿಲುಗಳು ತಾವೇ ಬಿಗಿಯಾಗುತ್ತವೆ. ಕೂಸು ಅತ್ತರೆ ಪಕ್ಕದ ಮನೆಯಾಕೆಯೂ ಬರಲಾರಳು. ಬಾಣಂತಿಗೆ ಎರೆಯಲು ದಿನಕ್ಕೆ ಎರಡು ಕೊಡ ನೀರಿನ ಚೀಟಿ. ಆದ್ದರಿಂದ ಮೂವತ್ತು ಸಾವಿರ ಹೆಂಗಸರು ಕಟ್ಟೆಗೆ ಬಂದು ಕೇಳುತ್ತಾರೆ: ಕೂಸು ಹಾಲು ಕಕ್ಕಿದರೆ ಏನು ಮಾಡಲಿ, ಎರಡು ಕೊಡದಲ್ಲಿ ತಲೆ ಮೊದಲೋ ಮೈ ಮೊದಲೋ, ಅಂಟಿನ ಉಂಡಿಗೆ ಅಂಟು ಸಿಗದಿದ್ದರೆ ಏನು ಹಾಕಲಿ. ಕಟ್ಟೆಯನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರು ಕಟ್ಟೆಗಾರರು. ಅವರನ್ನು ಸಂಬಳಕ್ಕೆ ನೋಡುವವನು ನಾನು. ಹುದ್ದೆಯ ಹೆಸರು ಮೇಲ್ನೋಟಗಾರ. ನನ್ನ ಗೋಡೆಯ ಮೇಲೆ ಪ್ರತಿ ಕಟ್ಟೆಗಾರರಿಗೂ ಒಂದೊಂದು ಚುಕ್ಕೆ ಇದೆ. ಏನಾದರೂ ಅಳಿಸಿದಾಗ ಹಸಿರಾಗುತ್ತದೆ, ಇಲ್ಲದಿದ್ದರೆ ದಿನದಿನಕ್ಕೆ ಬೂದಿ ಬಣ್ಣಕ್ಕೆ ತಿರುಗಿ ತೊಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ಆರಿಹೋಗುತ್ತದೆ. ನೋಡಲು ನನಗೆ ಕಣ್ಣು ಕೊಟ್ಟಿದ್ದಾರೆ, ಒತ್ತಲು ಗುಂಡಿ ಕೊಟ್ಟಿಲ್ಲ.

ತಂಗೆವ್ವ ಮುಗಳಿ ನಮ್ಮ ಕಟ್ಟೆಗಾರ್ತಿ. ಹೆರಿಗೆ ವಾರ್ಡಿನಲ್ಲಿ ದಾದಿಯಾಗಿ ನಿವೃತ್ತರಾದವರು, ಅರವತ್ತೆರಡು ವರ್ಷ, ಇರುವುದು ರೋಣದಲ್ಲಿ. ಎಂಬತ್ತನೆಯ ದಿನಕ್ಕೆ ಅವರ ಚುಕ್ಕೆ ಪೂರ್ತಿ ಬೂದಿಯಾಗಿತ್ತು. ಆಕೆ ಮಲಗಿದ್ದಾರೋ ಸತ್ತಿದ್ದಾರೋ ನೋಡೋಣವೆಂದು ನಾನು ಕಟ್ಟೆಯನ್ನೇ ಓದಲು ಕೂತೆ. ಹನ್ನೊಂದು ವರ್ಷದ ನೌಕರಿಯಲ್ಲಿ ಓದಿದ್ದು ಅದೇ ಮೊದಲು.

ಗಿರಿಜವ್ವ ಎಂಬ ಅತ್ತೆ ಬರೆದಿದ್ದಳು: “ಮೊದಲಿನ ಹಳದಿ ಹಾಲು ಕೂಸಿಗೆ ಕೆಟ್ಟ. ಹಿಂಡಿ ಚೆಲ್ರಿ.” ಇಂಥದ್ದನ್ನು ಯಾವ ಕಟ್ಟೆಗಾರನಾದರೂ ಕಣ್ಣು ಮುಚ್ಚಿ ಅಳಿಸುತ್ತಾನೆ. ತಂಗೆವ್ವ ಅದರ ಕೆಳಗೇ “ಇದು ತಪ್ಪು, ಯಾರೂ ಚೆಲ್ಲಬ್ಯಾಡ್ರಿ” ಎಂದು ದೊಡ್ಡದಾಗಿ ಬರೆದು, ಆಮೇಲೆ ಗಿರಿಜವ್ವನನ್ನು ಮಾತಿಗೆಳೆದಿದ್ದರು. “ನಿಮಗ ಯಾರು ಹೇಳಿದ್ರವ್ವ? ನಿಮ್ಮ ಕೂಸಿಗೆ ನೀವೂ ಚೆಲ್ಲಿದ್ರೇನು?” ಹನ್ನೊಂದು ಸಲ ಮಾತು ಹೋಗಿ ಬಂತು. ಗಿರಿಜವ್ವನ ಮೊದಲ ಕೂಸು ಹತ್ತು ದಿನಕ್ಕೇ ಹೋಗಿತ್ತು. ಅದನ್ನು ಆಕೆ ಎಲ್ಲೂ ಹೇಳಿಕೊಂಡಿರಲಿಲ್ಲ. ಕೊನೆಗೆ ತನ್ನ ಬರಹವನ್ನು ತಾನೇ ತೆಗೆದು ಹಾಕಿದಳು: “ನಮ್ಮ ಸೊಸಿಗೆ ಇವತ್ತ ಕುಡಿಸಾಕ ಹೇಳೀನ್ರಿ.” ನನ್ನ ಪಟ್ಟಿಯಲ್ಲಿ ಇದಕ್ಕೆ ಸಿಕ್ಕ ಅಂಕ ಸೊನ್ನೆ.

ನಾನು ತಂಗೆವ್ವನಿಗೆ ಫೋನು ಮಾಡಿದೆ. ಯಾವುದಾದರೂ ಒಂದನ್ನು ಅಳಿಸಿರಿ, ಚುಕ್ಕೆ ಉಳಿಯುತ್ತದೆ ಎಂದೆ.

“ಯಾರದ್ದ ಅಳಸ್ಲೋ ತಮ್ಮಾ? ಹೆಸರ ಹೇಳು.”

“ಯಾರದ್ದಾದ್ರೂ ಆಗ್ಲಿ ಅಕ್ಕಾರ. ಒಂದ.”

“ನಾ ಅಳಿಸಿದ್ರ ಆ ಮಾತು ಕಟ್ಟಿ ಮ್ಯಾಲಿಂದ ಹೋಗ್ತೈತಿ, ಆಕಿ ಅಡಗಿಮನ್ಯಾಗ ಉಳೀತೈತಿ. ಅಲ್ಲಿಗೆ ನಿನ್ನ ಚುಕ್ಕಿ ಬರ್ತದೇನು?”

ಇಲ್ಲಿಗೆ ನಾನು ಬಾಯಿ ಮುಚ್ಚಿದ್ದರೆ ಒಳ್ಳೆಯದಿತ್ತು. ಕಟ್ಟೆಯ ಮೇಲೆ ಹೋಗಿ, ತಂಗೆವ್ವ ಏನೂ ಅಳಿಸದ ಕಾರಣ ಹುದ್ದೆ ಕಳೆದುಕೊಳ್ಳಲಿದ್ದಾರೆ ಎಂದು ಬರೆದೆ. ಹೆಂಗಸರಿಗೆ ಕರುಳು ಚುರ್ ಎಂದಿತು. ಅಕ್ಕನಿಗೆ ಕೆಲಸ ಒದಗಿಸಲು, ಎಂಬತ್ತಾರನೆಯ ದಿನ ಬೆಳಗಾಗುತ್ತಲೇ, ಒಬ್ಬರನ್ನೊಬ್ಬರು ಬೈಯಲು ಶುರುಮಾಡಿದರು.

“ಏ ಶಿವಲೀಲಾ, ನಿನ್ನ ಅಂಟಿನ ಉಂಡಿಲೇ ಗ್ವಾಡಿ ಕಟ್ಟಾಕ ಬರ್ತೈತಿ! ತಂಗೆವ್ವಕ್ಕ, ಇದನ್ನ ಅಳಸ್ರಿ.”

“ಹಸೀನಾ, ನೀ ಜೋಗುಳ ಹಾಡಿದ್ರ ಮಲಗಿದ್ದ ಕೂಸು ಎದ್ದು ಓಡಿ ಹೋಗ್ತೈತಿ! ಅಕ್ಕಾರ, ಇದೂ ಅಳಸ್ರಿ. ಹಸೀನಾ, ಸಿಟ್ಟಾಗಬ್ಯಾಡ ನಮ್ಮವ್ವಾ.”

ನಲವತ್ತಮೂರು ಬೈಗುಳ ಬಂದವು. ನಾನು ನಗುತ್ತ ಓದಿದೆ, ನಕ್ಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆ ಬೈಗುಳಗಳ ನಡುವೆ ನೀಲಮ್ಮ ಎಂಬ ಒಂಬತ್ತು ದಿನದ ಬಾಣಂತಿಯ ಒಂದು ಸಾಲಿತ್ತು: “ಮೈ ಸುಡಾಕತ್ತೈತ್ರಿ, ನಡುಗ ನಿಲ್ಲವಲ್ದು, ಮನ್ಯಾಗ ಯಾರೂ ಇಲ್ಲ.” ಯಾರ ಕಣ್ಣಿಗೂ ಬೀಳದೆ ಅದು ಎರಡು ಗಂಟೆ ಹೊತ್ತು ಬೈಗುಳಗಳ ಕೆಳಗೆ ಹೂತು ಕೂತಿತ್ತು. ನಾನೂ ಅದನ್ನು ದಾಟಿಕೊಂಡು ಹೋಗಿದ್ದೆ. ತಂಗೆವ್ವ ಒಬ್ಬರೇ ಮೇಲಿನಿಂದ ಒಂದೊಂದನ್ನೇ ಓದುತ್ತ ಬಂದವರು. ನೆರಳುಗಟ್ಟಿನಲ್ಲೇ ಆಸ್ಪತ್ರೆಯ ವಾಹನ ಹೊರಡಿಸಿದರು. ಹೆರಿಗೆಯ ಗಾಯಕ್ಕೆ ನಂಜೇರಿತ್ತು. ಇನ್ನೊಂದು ತಾಸು ಕಳೆದಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ನೀಲಮ್ಮ ಬದುಕಿದಳು.

ಆಮೇಲೆ ತಂಗೆವ್ವ ಕಟ್ಟೆಗೆ ಬಂದು ಒಂದೇ ಮಾತು ಬರೆದರು: “ನನ್ನ ಮ್ಯಾಲಿನ ಪ್ರೀತಿ ಸಾಕು. ಎಲ್ಲಾರೂ ತಮ್ಮ ತಮ್ಮ ಬೈಗಳ ತಾವ ತಗೀರಿ.” ತೆಗೆದರು, ನಲವತ್ತಮೂರನ್ನೂ. ಈಗ ಪಟ್ಟಿ ಹೇಳುವುದಿಷ್ಟು: ಕಟ್ಟೆಯಲ್ಲಿ ಗಲಾಟೆ ನಲವತ್ತಮೂರು, ಕಟ್ಟೆಗಾರ್ತಿ ಅಳಿಸಿದ್ದು ಸೊನ್ನೆ.

ಏಳನೆಯ ನಿಯಮ ಬದಲಿಸಿರೆಂದು ಮೇಲಧಿಕಾರಿಗಳ ಬಳಿ ಹೋದೆ. “ಬರೆದವರು ಸತ್ತು ಶತಮಾನ ಆತು. ಬೇಕಿದ್ರ ಅವರನ್ನ ಕೇಳ್ಕೊಳ್ರಿ” ಎಂದರು. ಸತ್ತವರೆಂದದ್ದಕ್ಕೆ ಕ್ಷಮೆ ಇರಲಿ. ಅವರ ಅಪ್ಪಣೆಯಂತೆ ನಿಮ್ಮನ್ನೇ ಕೇಳಿಕೊಳ್ಳುತ್ತಿದ್ದೇನೆ.

ಇವತ್ತು ತೊಂಬತ್ತನೆಯ ದಿನ. ತಂಗೆವ್ವನ ಜಾಗಕ್ಕೆ ಸಾಲಿನಲ್ಲಿ ನಿಂತಿರುವವನು ಬಸವಂತಪ್ಪ. ಬೇರೊಂದು ಕಟ್ಟೆಯಲ್ಲಿ ಈ ತೊಂಬತ್ತು ದಿನಕ್ಕೆ ಇನ್ನೂರ ಹನ್ನೆರಡು ಅಳಿಸಿದ್ದಾನೆ. ಕೆಟ್ಟವನಲ್ಲ, ಬಲು ಚುರುಕು. ಉದ್ದದ ಬರಹ ಕಂಡರೆ ಓದುವುದಿಲ್ಲ, ಉಳಿಸುವುದಿಲ್ಲ. ಅವನಾಗಿದ್ದರೆ ನೀಲಮ್ಮನ ಸಾಲೂ ಬೈಗುಳಗಳ ಜೊತೆ ಒಂದೇ ಒತ್ತಿಗೆ ಹೋಗುತ್ತಿತ್ತು. ನಾಳೆಯೂ ಯಾರಿಗಾದರೂ ಜ್ವರ ಬರುತ್ತದೆ.

ಕಾವಲುಗಾರರನ್ನು ಕಾಯಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನಗೇ ಕೆಲಸವಿರುವುದಿಲ್ಲ. ಏಳನೆಯ ನಿಯಮದ ಕೊನೆಗೆ ಒಂದೇ ಸಾಲು ಸೇರಿಸಿ: ‘ಅಧಿಕಾರ ಹಿಂಪಡೆಯುವ ಮೊದಲು ಆ ಸ್ವಯಂಸೇವಕರ ತೊಂಬತ್ತು ದಿನಗಳ ಬರಹವನ್ನು ಒಬ್ಬ ಮನುಷ್ಯ ಕೂತು ಓದತಕ್ಕದ್ದು.’ ಓದುವ ಮನುಷ್ಯ ಇಲ್ಲಿ ಸಿದ್ಧನಿದ್ದಾನೆ, ಓದಿಯೂ ಮುಗಿಸಿದ್ದಾನೆ. ನಿಮ್ಮ ಸಾಲು ಬರಬೇಕಷ್ಟೆ.

ಬರೆಯುತ್ತ ಬರೆಯುತ್ತ ಮೂರೂ ಇಪ್ಪತ್ತಾಯಿತು. ಎರಡು ಸಲ ಎದ್ದು ಗೋಡೆ ನೋಡಿ ಬಂದೆ. ತಂಗೆವ್ವ ಯಾರದೋ ಕೂಸಿನ ಬಿಕ್ಕಳಿಕೆಗೆ ಉತ್ತರ ಬರೆಯುತ್ತ ಕೂತಿದ್ದಾರೆ. ಗಡಿಯಾರ ನೋಡಿದಂತೆ ಕಾಣುವುದಿಲ್ಲ. ನಿಮ್ಮಲ್ಲಿ ಯಾರ ಕೈಯಲ್ಲಿ ಪೆನ್ನಿದೆಯೋ ಅವರು ದಯವಿಟ್ಟು ಈಗಲೇ ಬರೆಯಿರಿ. ನಮಗೆ ಇನ್ನು ನಲವತ್ತು ನಿಮಿಷವಿದೆ.

ನಿಮ್ಮ ವಿಧೇಯ,
ಹಾಲೇಶ ಕುಬಸದ
ಮೇಲ್ನೋಟಗಾರ, ಬಾಣಂತಿ ಕಟ್ಟೆ