ಇಬ್ಬರ ಪಾಟಿ

ಕಂಪ್ಲಿ,
೧೨ ಫೆಬ್ರವರಿ ೧೯೪೩

ಗೆಳತಿ ಉಚ್ಚೆಂಗಮ್ಮನಿಗೆ ನಿನ್ನ ಅಕ್ಕನಾಗಮ್ಮನ ನಮಸ್ಕಾರ.

ಈ ಪತ್ರವನ್ನು ನಿನ್ನ ಮಗಳು ಜಂಬಮ್ಮನೇ ಓದಿ ಹೇಳುತ್ತಾಳೆ. ಅವಳ ಟೀಚರಮ್ಮನಾದ ನನ್ನ ತಪ್ಪನ್ನು ಅವಳ ಬಾಯಿಂದಲೇ ಓದಿಸುವುದು ನನಗೆ ಕಷ್ಟ. ಆದರೆ ನಿನಗೆ ಓದಲು ಬಾರದೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ಈ ಕಷ್ಟ ನನಗೆ ಸಲ್ಲಬೇಕಾದದ್ದೇ.

ಮೊನ್ನೆ ನೀನು ಅವಳ ಹೆಸರು ತೆಗೆಸಲು ನಮ್ಮ ಶಾಲೆಗೆ ಬಂದೆ. ಕಬ್ಬು ಕಡಿಯುವ ಕೆಲಸ ಮುಗಿಯಿತು, ಇನ್ನು ಮೆಟ್ರಿಗೆ ಹೋಗುತ್ತೇವೆ, ಅಲ್ಲಿ ಶಾಲೆಗೆ ಹಾಕುವುದಿಲ್ಲ ಎಂದೆ. ಎಷ್ಟು ಊರಲ್ಲಿ ಹೆಸರು ಬರೆಸುವುದು ಎಂದು ನನ್ನನ್ನೇ ಕೇಳಿದೆ. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ತಲೆ ಎತ್ತಿದಾಗ ನನ್ನ ಗುರುತು ಹಿಡಿದೆ. ನೀನು ಬಾಗಿಲಿಗೆ ಬಂದಾಗಲೇ ನಾನು ನಿನ್ನನ್ನು ಗುರುತಿಸಿ, ರಿಜಿಸ್ಟರಿನ ಹಾಳೆ ತಿರುವುತ್ತಿದ್ದೆ.

ಗಾದಿಗನೂರಿನಲ್ಲಿ ನಮ್ಮ ಅಪ್ಪಂದಿರು ರೈಲಿಗೆ ಅದಿರು ತುಂಬುತ್ತಿದ್ದಾಗ ನಮ್ಮಿಬ್ಬರಿಗೂ ಇದ್ದದ್ದು ಒಂದೇ ಪಾಟಿ. ಮುಂದಿನ ಬದಿ ನನ್ನದು, ಹಿಂದಿನದು ನಿನ್ನದು. ಮೇಷ್ಟ್ರಿಗೆ ಲೆಕ್ಕ ತೋರಿಸಲು ಏಳುವಾಗ ನನ್ನ ಅಕ್ಷರ ಅಳಿಸಿಹೋಗಬಾರದೆಂದು ನೀನು ಪಾಟಿಯನ್ನು ಎದೆಗೆ ತಾಗಿಸದೆ ದೂರ ಹಿಡಿಯುತ್ತಿದ್ದೆ. ನಾನು ಮಾತ್ರ ಅವಚಿಕೊಂಡೇ ಹೋಗುತ್ತಿದ್ದೆ. ನಿನ್ನ ಲೆಕ್ಕವೆಲ್ಲ ನನ್ನ ಅಂಗಿಗೆ ಮೆತ್ತಿಕೊಳ್ಳುತ್ತಿತ್ತು, ನೀನು ಮತ್ತೆ ಬರೆಯುತ್ತಿದ್ದೆ.

ಅಪ್ಪನಿಗೆ ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ನಾವು ಹೊರಟ ದಿನ ಪಾಟಿಯನ್ನು ನೀನೇ ಗಾಡಿಯಲ್ಲಿಟ್ಟೆ. “ಹೊಸ ಸಾಲಿ, ಬರಿಗೈಲೆ ಹೋದ್ರ ನಗ್ತಾರ. ನಿಮ್ಮಪ್ಪ ಬ್ಯಾರೇದು ಕೊಡಿಸಿದ ಮ್ಯಾಲ ಕಳಿಸು” ಅಂದೆ. ಎರಡು ತಿಂಗಳಿಗೆ ನಾನು, ಪಾಟಿ ಒಡೆಯಿತೆಂದು ಗಾಡಿ ಹೊಡೆಯುವ ಮೂಕಣ್ಣ ಮಾವನ ಕೈಲಿ ಹೇಳಿ ಕಳಿಸಿದೆ.

ಪಾಟಿಯಿಲ್ಲದವರು ಬರಬೇಡಿ ಎಂದು ಮೇಷ್ಟ್ರು ಅಂದದ್ದು, ನಿಮ್ಮಪ್ಪ ನಿನ್ನನ್ನು ಅದಿರು ಆರಿಸಲು ಹಚ್ಚಿದ್ದು, ಇದೆಲ್ಲ ನನಗೆ ಗೊತ್ತಾದದ್ದು ಮೊನ್ನೆಯೇ. ನೀನು ನಗುತ್ತಲೇ ಹೇಳಿದೆ. “ಪಾಟಿ ಒಡೀತಂತ ಭಾಳ ಅತ್ತಿದ್ಯಂತ, ಮೂಕಣ್ಣ ಮಾವ ಹೇಳಿದ್ದ. ಅದಕ್ಯಾಕ ಅಳೋದು, ಹುಚ್ಚಿ” ಅಂದೆ. ನಾನು ರಿಜಿಸ್ಟರು ಮುಚ್ಚಿಟ್ಟೆ. ಇಪ್ಪತ್ತೆರಡು ವರ್ಷದ ಹಿಂದಿನದನ್ನು ನೀನು ಮರೆತಿರಲಿಲ್ಲ.

ಉಚ್ಚೆಂಗಿ, ಕೈ ಮುಗಿದು ಕೇಳುತ್ತೇನೆ, ಮಗಳ ಶಾಲೆ ಬಿಡಿಸಬೇಡ. ಮೆಟ್ರಿಯ ಮೇಷ್ಟ್ರು ಮರುಳಸಿದ್ದಪ್ಪನವರಿಗೆ ಚೀಟಿ ಬರೆದಿದ್ದೇನೆ, ಮೂರನೆಯ ತರಗತಿಗೇ ಸೇರಿಸಿಕೊಳ್ಳುತ್ತಾರೆ. ಮುಂದೆ ಯಾವ ಊರಿಗೆ ಹೋದರೂ ತಿಳಿಸು, ಅಲ್ಲಿಗೂ ಬರೆಯುತ್ತೇನೆ. ಬಟ್ಟೆಯಲ್ಲಿ ಸುತ್ತಿ ಒಂದು ಪಾಟಿ ಕಳಿಸಿದ್ದೇನೆ. ಪತ್ರ ಪೂರ್ತಿ ಕೇಳುವವರೆಗೆ ಗಂಟು ಬಿಚ್ಚಬೇಡ.

ನಿನ್ನ ಸ್ನೇಹಕ್ಕೆ ತಕ್ಕವಳಾಗದ
ಅಕ್ಕನಾಗಮ್ಮ

ತಾ.ಕ.: ಜಂಬಮ್ಮ, ಇದನ್ನು ಒಂದಕ್ಷರವೂ ಬಿಡದೆ ಅವ್ವನಿಗೆ ಓದು. ಆ ಪಾಟಿ ಒಡೆದಿರಲಿಲ್ಲ. ಅಪ್ಪ ಬೇರೆ ಕೊಡಿಸಲಿಲ್ಲ. ಎರಡೂ ಬದಿ ನನ್ನದೇ ಆದದ್ದು ನನಗೆ ಹಿತವಾಗಿತ್ತು. ಮೂಕಣ್ಣ ಮಾವನ ಮುಂದೆ ಅತ್ತದ್ದೂ ನಾಟಕ. ಈಗ ಗಂಟು ಬಿಚ್ಚು. ತನ್ನ ಬದಿಯ ಗುರುತಿಗೆಂದು ಅವ್ವ ಚಿಕ್ಕವಳಿದ್ದಾಗ ಚೌಕಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿದ್ದಳು. ಬೆರಳಾಡಿಸಿದರೆ ಸಿಗುತ್ತದೆ. ಆ ಬದಿ ಅವ್ವನದು, ಇನ್ನೊಂದು ನಿನ್ನದು. ದಿನಾ ಸಂಜೆ ಅವಳಿಗೆ ಅಕ್ಷರ ಕಲಿಸು. ನಿನ್ನ ಲೆಕ್ಕ ತೋರಿಸಲು ಏಳುವಾಗ ಪಾಟಿಯನ್ನು ಎದೆಗೆ ತಾಗಿಸಬೇಡ.