ಸೀದ ಪಾಕ

ಮಾರ್ಚ್ 9, 1897. ವರ್ಮಾಂಟ್

ಬೆಳಗಿನ ಕ್ಲಾಸ್ ಮುಗೀತು. ಹೇಳಿದ್ದು ಅದೇ ಹಳೇ ಮಾತು — ಒಂದು ವಿಚಾರ ನಿಜವೋ ಅಲ್ಲವೋ, ನಂಬಿ ನಡೆದು ನೋಡಿ, ಬದುಕಿಗೆ ಏನು ವ್ಯತ್ಯಾಸವಾಯಿತು ಅಂತ. ಹಿಂದಿನ ಬೆಂಚಿನವರೂ ಎಚ್ಚರವಾಗಿದ್ದರು. ಅಪರೂಪ.

ತಿಂಗಳ ಕೊನೆಗೆ ಕಾಲೇಜಿನ ಟ್ರಸ್ಟಿಗಳ ಸಭೆ. ತತ್ವಶಾಸ್ತ್ರದ ಪ್ರೊಫೆಸರ್ ಹುದ್ದೆ ನನಗೆ ಕೊಡಬೇಕು, ಇಲ್ಲವೇ ನಾನು ಊರು ಬಿಡಬೇಕು. ಎಲ್ಲಾ ಸಭೆಯ ಮುಖ್ಯಸ್ಥ, ಚರ್ಚಿನ ಹಿರಿಯ ಡೀಕನ್ ಪ್ರಾಕ್ಟರ್ ಕೈಯಲ್ಲಿ. ಅವರ ಲೆಕ್ಕದಲ್ಲಿ ಸತ್ಯ ದೇವರು ಕೊಟ್ಟಿದ್ದು. ಪರೀಕ್ಷೆ ಮಾಡುವವನು ಅಧಿಕಪ್ರಸಂಗಿ.

ಮಾರ್ಚ್ 13, ಬೆಳಿಗ್ಗೆ

ಡೀಕನ್ ಕರೆದಿದ್ದಾರೆ. ಮೇಪಲ್ ಮರದ ಸಿಹಿ ರಸ ಕಾಯಿಸಿ ಪಾಕ ಮಾಡುವ ಗುಡಿಸಲಿಗೆ. ಹೆಂಡತಿ ಲವೀನಿಯಾಳದ್ದು ಒಂದೇ ಬುದ್ಧಿವಾದ: "ವಾದ ಮಾಡ್ಬೇಡಿ. ಸಿಹಿ ತಿಂದು ಬನ್ನಿ."

ಸಂಜೆ

ವಾದ ಮಾಡಿದೆ.

ಪಾಕ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದಷ್ಟೆ. "ಸೌಟಿಂದ ಇಳಿಬಿಟ್ಟು ನೋಡ್ತೀನಿ ಕಣಯ್ಯ, ಇನ್ನೇನು?" ಅಂದರು. ಅದೇ ನನ್ನ ತತ್ವಶಾಸ್ತ್ರ ಅಂದೆ. ಸೌಟು ಕೆಳಗಿಟ್ಟರು. ನೀನು ನೋಡದಿದ್ದರೂ ಪಾಕ ಪಾಕವೇ ಅಂದರು. ಮತ್ತೆ ನೋಡೋದ್ಯಾಕೆ ಅಂದೆ... ಇಬ್ಬರೂ ಒಲೆಗೆ ಬೆನ್ನು ಹಾಕಿ ನಿಂತಿದ್ದೆವು. ಆಮೇಲೆ ವಾಸನೆ ಬಂತು.

ಇಡೀ ಕಡಾಯಿ ಕಪ್ಪು. ಅವರು ಹುಟ್ಟಿದಾಗಿನಿಂದ ಸೀಯಿಸಿದವರಲ್ಲವಂತೆ. "ಮನೆಗೆ ಹೋಗು" ಅಂದರು, ಅಷ್ಟೆ.

ಮಾರ್ಚ್ 14

ಚರ್ಚಿನಲ್ಲಿ ಡೀಕನ್ ಈ ಕಡೆ ತಿರುಗಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಲವೀನಿಯಾ ಮತ್ತೆ ಮೇಲೆ ಹಾಕಿಸಿದಳು.

ಮಾರ್ಚ್ 20

ಶನಿವಾರ. ಚರ್ಚಿನ ಊಟ, ಎಂದಿನಂತೆ ಕಾಕಂಬಿ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜ. ಇವತ್ತು ಮಾಡಿ ಬಡಿಸಿದ್ದು ಡೀಕನ್ನರ ಹೆಂಡತಿ ಮೆಹಿಟಬಲ್. ಏನು ರುಚಿ! ಡೀಕನ್ ಮತ್ತೆ ಮತ್ತೆ ಹಾಕಿಸಿಕೊಂಡರು. ಇಂಥ ಕಾಕಂಬಿ ಎಲ್ಲಿಂದ ತಂದೆ ಅಂತ ಹೊಗಳಿದರು.

"ಕಾಕಂಬಿ ಅಲ್ಲ ರೀ. ಚೆಲ್ಲಿಬಿಡು ಅಂದ್ರಲ್ಲ, ಅದೇ ಸೀದ ಪಾಕ."

ಡೀಕನ್ ತಟ್ಟೆ ನೋಡಿದರು. ನನ್ನನ್ನು ನೋಡಿದರು. ತಟ್ಟೆ ಮುಂದೆ ನೂಕಿದರು. "ಇನ್ನೊಂದು ಸೌಟು ಹಾಕು." ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಾತ್ಮ, ಅವರೂ ನಕ್ಕರು.

ಮಾರ್ಚ್ 30, ಮಧ್ಯಾಹ್ನ

ಸಭೆಯ ದಿನ. ಬಾಗಿಲು ತಟ್ಟಿದ್ದು ಡೀಕನ್ನೇ. ಒಳಗೂ ಬರಲಿಲ್ಲ.

"ಪ್ರೊಫೆಸರೇ," ಅಂದರು. ಸಭೆ ಮುಗಿಸಿಯೇ ಬಂದಿದ್ದರು. ಲವೀನಿಯಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಹಾಡಬೇಕು ಅನ್ನಿಸಿತು, ನಿಜವಾಗಿ.

"ನಿನ್ನ ಮಾತು ನಾನು ಒಪ್ಪಿಲ್ಲ ಕಣಯ್ಯ. ಆದ್ರೆ ಮೆಹಿಟಬಲ್‌ಗೆ ಅಂಥದ್ದೇ ಇನ್ನೊಂದು ಕಡಾಯಿ ಬೇಕಂತೆ. ನಾನೊಬ್ಬನೇ ಕೂತ್ರೆ ಪಾಕ ಸೀಯಲ್ಲ. ಬಾ, ವಾದ ಮಾಡೋಣ."

ಗಾಡಿಯಲ್ಲಿ ಕಾಯುತ್ತಿದ್ದಾರೆ. ಉಳಿದದ್ದು ಆಮೇಲೆ. ಬೂಟು ಎಲ್ಲಿ—